ಕಂಪನಿಗೊಂದು ಟರ್ಮಿನಲ್, ಎಲ್ಲಕ್ಕೂ ಒಂದೇ ಎಡಿಟರ್: ಬರ್ಕ್ಲಿ ಯುನಿಕ್ಸ್‌ನ ಟರ್ಮ್‌ಕ್ಯಾಪ್ ಪ್ರಕರಣ

1970ರ ದಶಕದ ಕೊನೆಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯುನಿಕ್ಸ್ ಬಳಸುವವರ ಪರಿಸ್ಥಿತಿ ಹೀಗಿತ್ತು. ಕಂಪ್ಯೂಟರ್ ಡೆಕ್ ಕಂಪನಿಯ ಪಿಡಿಪಿ-11. ಅದರ ಮೇಲೆ ಓಡುತ್ತಿದ್ದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬೆಲ್ ಲ್ಯಾಬ್ಸ್‌ನದ್ದು. ಅದಕ್ಕೆ ತಗುಲಿಸಿದ ಟರ್ಮಿನಲ್‌ಗಳು, ಅಂದರೆ ಜನ ಎದುರು ಕೂತು ಟೈಪ್ ಮಾಡಿ ಉತ್ತರ ನೋಡುವ ಯಂತ್ರಗಳು, ಮಾತ್ರ ಬೇರೆ ಯಾರ್ಯಾರದ್ದೋ. ವಿಶ್ವವಿದ್ಯಾಲಯದ ಬಜೆಟ್ ಹೇಗಿರುತ್ತೆ ಅಂತ ಗೊತ್ತಲ್ವಾ? ಹಳೆಯದನ್ನೆಲ್ಲ ಒಟ್ಟಿಗೆ ಎಸೆದು ಹೊಸದು ಕೊಳ್ಳುವ ಹಾಗಿಲ್ಲ. ಈ ವರ್ಷ ಒಂದು ಕಂಪನಿಯದ್ದು ನಾಲ್ಕು, ಮುಂದಿನ ವರ್ಷ ಕಡಿಮೆ ಬೆಲೆಗೆ ಸಿಕ್ಕ ಇನ್ನೊಂದು ಕಂಪನಿಯದ್ದು ಆರು, ಹೀಗೆ ಸೇರುತ್ತಾ ಹೋಗುತ್ತೆ. ಹಳೆಯದೂ ಅಲ್ಲೇ ಇರುತ್ತೆ.

ಸಾಲು ಸಾಲಾಗಿ ಬರೆದುಕೊಂಡು ಹೋಗುವ ತನಕ ಇದರಿಂದ ತೊಂದರೆ ಇರಲಿಲ್ಲ. ಪೂರ್ತಿ ಪರದೆಯನ್ನು ಬಳಸುವ ಎಡಿಟರ್, ಅಂದರೆ ಪಠ್ಯ ತಿದ್ದುವ ಪ್ರೋಗ್ರಾಂ, ಬೇಕು ಅಂದಾಗ ತೊಂದರೆ ಶುರುವಾಯಿತು. ಅದನ್ನು ಬಿಡಿಸಿದ ರೀತಿ, ಅದಕ್ಕೆ ಬಿದ್ದ ಬೆಲೆ, ಅದು ಉಳಿಸಿಹೋದ ಗಾಯದ ಗುರುತುಗಳು ಇವತ್ತಿಗೂ ಪ್ರತಿ ಲಿನಕ್ಸ್, ಪ್ರತಿ ಮ್ಯಾಕ್ ಯಂತ್ರದೊಳಗೆ ಇವೆ.

ಟೆಲಿಟೈಪ್ ಕಾಲದ ಯುನಿಕ್ಸ್

ಬೆಲ್ ಲ್ಯಾಬ್ಸ್‌ನವರು ಯುನಿಕ್ಸ್ ಬರೆಯುವಾಗ ಟರ್ಮಿನಲ್ ಅಂದರೆ ಟೆಲಿಟೈಪ್. ಕಾಗದದ ಸುರುಳಿಯ ಮೇಲೆ ಟಕಟಕ ಅಂತ ಅಕ್ಷರ ಹೊಡೆಯುವ ಯಂತ್ರ. ಆಗಲೂ ಬೇರೆ ಬೇರೆ ಕಂಪನಿಗಳ ಯಂತ್ರಗಳಿದ್ದವು. ಆದರೆ ವ್ಯತ್ಯಾಸ ಸಣ್ಣದು. ಸಾಲು ಮುಗಿದ ಮೇಲೆ ಅಚ್ಚಿನ ತಲೆ ಎಡತುದಿಗೆ ಓಡಿಬರಬೇಕು, ಅದಕ್ಕೆ ಎಷ್ಟು ಹೊತ್ತು ಬಿಡಬೇಕು? ಟ್ಯಾಬ್ ಇದೆಯೋ ಇಲ್ಲವೋ? ಸಣ್ಣ ಅಕ್ಷರ ಇದೆಯೋ, ಬರೀ ದೊಡ್ಡ ಅಕ್ಷರವೋ? ಇಷ್ಟನ್ನು ಕರ್ನೆಲ್ಲಿನ, ಅಂದರೆ ಯುನಿಕ್ಸ್‌ನ ಒಳತಿರುಳಿನ, ಟರ್ಮಿನಲ್ ಡ್ರೈವರ್ ನೋಡಿಕೊಳ್ಳುತ್ತಿತ್ತು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಈ ಡ್ರೈವರಿಗೆ ಟರ್ಮಿನಲ್ ಬಗೆ ಹೇಳುವ ಎಸ್‌ಟಿಟಿವೈ ಕಮಾಂಡಿಗೆ ಹೆಸರು ಹಿಡಿದು ಗೊತ್ತಿದ್ದದ್ದು ಆರೇ ಬಗೆ: ಟೆಲಿಟೈಪ್ 33, ಟೆಲಿಟೈಪ್ 37, ಡೆಕ್‌ನ ವಿಟಿ05, ಜನರಲ್ ಎಲೆಕ್ಟ್ರಿಕ್‌ನ ಟರ್ಮಿನೆಟ್ 300, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 700 ಸರಣಿ, ಟೆಕ್ಟ್ರಾನಿಕ್ಸ್ 4014.

ಆ ಕಾಲದ ಒಂದು ಜಾಣತನ ನನಗೆ ತುಂಬಾ ಇಷ್ಟ. ಲಾಗಿನ್ ಹೆಸರನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದರೆ, ‘ಓಹೋ, ಈ ಟರ್ಮಿನಲ್‌ಗೆ ಸಣ್ಣ ಅಕ್ಷರವೇ ಬರುವುದಿಲ್ಲ’ ಅಂತ ಯುನಿಕ್ಸ್ ತಾನೇ ತೀರ್ಮಾನಿಸುತ್ತಿತ್ತು. ಆಮೇಲೆ ಟೈಪ್ ಮಾಡಿದ್ದೆಲ್ಲವನ್ನೂ ಸಣ್ಣ ಅಕ್ಷರ ಅಂತಲೇ ಓದಿಕೊಳ್ಳುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿಕೊಂಡೇ ಲಾಗಿನ್ ಆದವರು ಎಷ್ಟೋ ವರ್ಷಗಳ ನಂತರವೂ ಈ ಜಾಣತನಕ್ಕೆ ಸಿಕ್ಕಿಬಿದ್ದು ತಲೆ ಕೆರೆದುಕೊಂಡಿದ್ದಾರೆ.

ಪರದೆ ಬಂತು

ಲಿಯರ್ ಸೀಗ್ಲರ್ ಕಂಪನಿ 1976ರಲ್ಲಿ ಎಡಿಎಂ-3ಎ ಅನ್ನುವ ಟರ್ಮಿನಲ್ ತಂದಿತು. ಅದರ ಜಾಹೀರಾತಿನಲ್ಲಿ ಕಂಪನಿಯೇ ಅದನ್ನು ‘ಡಂಬ್ ಟರ್ಮಿನಲ್’ ಅಂತ ಹೆಮ್ಮೆಯಿಂದ ಕರೆದುಕೊಂಡಿತ್ತು. ದಡ್ಡ, ಆದರೆ ಅಗ್ಗ. 24 ಸಾಲು, 80 ಕಾಲಂ. ಕರ್ಸರ್ ಅನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅದಕ್ಕಿಂತ ಜಾಸ್ತಿ ಏನೂ ಬರುತ್ತಿರಲಿಲ್ಲ. ಮಧ್ಯದಲ್ಲಿ ಒಂದು ಸಾಲು ತೂರಿಸುವುದು, ಒಂದು ಸಾಲು ತೆಗೆಯುವುದು ಅದಕ್ಕೆ ಗೊತ್ತಿರಲಿಲ್ಲ.

ಬರ್ಕ್ಲಿಯಲ್ಲಿ ಆಗ ಬಿಲ್ ಜಾಯ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ಇದ್ದ. ಆತ ಮತ್ತು ಚಕ್ ಹೇಲಿ ಯುನಿಕ್ಸ್‌ನ ‘ಎಡ್’ ಎಂಬ ಸಾಲಿನ ಎಡಿಟರ್ ಬಳಸಿ ಬೇಸತ್ತಿದ್ದರು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೂಲೂರಿಸ್ 1976ರ ಬೇಸಿಗೆಯಲ್ಲಿ ಬರ್ಕ್ಲಿಗೆ ಬಂದಾಗ ತಮ್ಮ ‘ಇಎಂ’ ಎಡಿಟರ್ ತೋರಿಸಿದರು. ಅದರ ಕೋಡ್ ಹಿಡಿದುಕೊಂಡು ಇವರು ‘ಎಕ್ಸ್’ ಅನ್ನು ಕಟ್ಟಿದರು. ಎಡಿಎಂ-3ಎ ಕೈಗೆ ಸಿಕ್ಕ ಮೇಲೆ ಜಾಯ್ ಅದಕ್ಕೆ ಪೂರ್ತಿ ಪರದೆಯ ಮುಖ ಕೊಟ್ಟ. ಅದೇ ವಿಐ. ವಿಐನಲ್ಲಿ ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಕೀಲಿಗಳೇ ಯಾಕೆ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ಎಡಿಎಂ-3ಎ ಕೀಬೋರ್ಡಿನಲ್ಲಿ ಬಾಣದ ಗುರುತು ಮುದ್ರಿಸಿದ್ದು ಆ ನಾಲ್ಕು ಕೀಲಿಗಳ ಮೇಲೆ. ~ ಗುರುತು ಮತ್ತು ‘ಹೋಮ್’ ಒಂದೇ ಕೀಲಿಯಲ್ಲಿದ್ದವು. ಯುನಿಕ್ಸ್‌ನಲ್ಲಿ ~ ಅಂದರೆ ನಮ್ಮ ಹೋಮ್ ಡೈರೆಕ್ಟರಿ ಆದದ್ದು ಹಾಗೆ.

ಈಗ ಸಮಸ್ಯೆಗೆ ಬರೋಣ. ಕರ್ಸರ್ ಅನ್ನು ಐದನೇ ಸಾಲಿನ ಹತ್ತನೇ ಕಾಲಂಗೆ ಒಯ್ಯಬೇಕು. ಎಡಿಎಂ-3ಎಗೆ ಎಸ್ಕೇಪ್ ಎಂಬ ಕಾಣದ ಅಕ್ಷರ ಕಳಿಸಿ, ಆಮೇಲೆ = ಕಳಿಸಿ, ಆಮೇಲೆ $ ಮತ್ತು ) ಕಳಿಸಬೇಕು. ಯಾಕೆ $ ಮತ್ತು )? ಸಾಲನ್ನು ಸೊನ್ನೆಯಿಂದ ಎಣಿಸಿದರೆ ನಾಲ್ಕು, ಅದಕ್ಕೆ 32 ಕೂಡಿಸಿದರೆ 36, ಅಕ್ಷರಗಳಿಗೆ ಸಂಖ್ಯೆ ಕೊಟ್ಟ ಆಸ್ಕಿ ಪಟ್ಟಿಯಲ್ಲಿ 36 ಅಂದರೆ $. ಕಾಲಂ ಒಂಬತ್ತು, ಕೂಡಿಸಿದರೆ 41, ಅದು ). ಡೆಕ್‌ನ ವಿಟಿ52ಗೂ ಲೆಕ್ಕ ಇದೇ, ಆದರೆ = ಬದಲು ವೈ. ಹೇಜಲ್‌ಟೈನ್ 1500ಗೆ ಮೊದಲು ಕಾಲಂ, ಆಮೇಲೆ ಸಾಲು. ಡೇಟಾಮೀಡಿಯಾ 2500ಗೆ ಕೂಡಿಸುವುದೇ ಇಲ್ಲ, ಆ ಸಂಖ್ಯೆಯ ಬಿಟ್‌ಗಳನ್ನು 96ರ ಜೊತೆ ಎಕ್ಸ್‌ಕ್ಲೂಸಿವ್-ಆರ್ ಮಾಡಬೇಕು. 1978ರಲ್ಲಿ ಬಂದ ವಿಟಿ100 ಇವೆಲ್ಲ ಬಿಟ್ಟು ಅಂಕಿಗಳನ್ನು ಅಂಕಿಗಳಾಗಿಯೇ ಕೇಳಿತು: ಎಸ್ಕೇಪ್, [, 5, ;, 10, ಕೊನೆಗೆ ಎಚ್. ಅದು ಎಣಿಸುವುದು ಒಂದರಿಂದ, ಸೊನ್ನೆಯಿಂದ ಅಲ್ಲ.

ಬೇಕಾದ್ದು ಒಂದೇ ಕೆಲಸ. ಹೇಳುವ ರೀತಿ ಐದು. ಇನ್ನು ಪರದೆ ಒರೆಸುವುದಕ್ಕೆ, ಸಾಲು ತೂರಿಸುವುದಕ್ಕೆ, ಅಕ್ಷರಗಳನ್ನು ಎದ್ದು ಕಾಣಿಸುವುದಕ್ಕೆ ಬೇರೆ ಬೇರೆ ರೀತಿ.

ಕೋಡಿನ ಬದಲು ಫೈಲ್

ಒಬ್ಬ ಪ್ರೋಗ್ರಾಮರ್ ಮೊದಲು ಮಾಡುವುದು ಏನು? ‘ಎಡಿಎಂ-3ಎ ಆದರೆ ಹೀಗೆ, ವಿಟಿ52 ಆದರೆ ಹಾಗೆ’ ಅಂತ ಕೋಡಿನಲ್ಲೇ ಬರೆಯುತ್ತಾನೆ. ಎರಡು ಟರ್ಮಿನಲ್ ತನಕ ಇದು ನಡೆಯುತ್ತೆ. ಆದರೆ ಪಿಡಿಪಿ-11ರಲ್ಲಿ ಜಾಗ ಇಲ್ಲ. ದೊಡ್ಡ ಮಾದರಿಯಾದ 11/70ರಲ್ಲೂ ಒಂದು ಪ್ರೋಗ್ರಾಮಿಗೆ ಸಿಗುತ್ತಿದ್ದದ್ದು ಕೋಡಿಗೆ 64 ಕಿಲೋಬೈಟ್, ಡೇಟಾಗೆ 64 ಕಿಲೋಬೈಟ್. ಟರ್ಮಿನಲ್ಲಿಗೊಂದು ಕೋಡ್ ತುರುಕುತ್ತಾ ಹೋದರೆ ಎಡಿಟರಿಗೆ ಜಾಗ ಎಲ್ಲಿ?

ಜಾಯ್ ಬೇರೆ ದಾರಿ ಹಿಡಿದ. ಎಡಿಟರಿನೊಳಗೆ ಸೂತ್ರ ಓದಿ ಅದರಂತೆ ನಡೆಸುವ ಒಂದು ಪುಟ್ಟ ಇಂಟರ್‌ಪ್ರಿಟರ್ ಇಟ್ಟ. ಟರ್ಮಿನಲ್ಲಿನ ಗುಣವೆಲ್ಲ ಹೊರಗೆ ಒಂದು ಮಾಮೂಲಿ ಪಠ್ಯದ ಫೈಲಿಗೆ ಹೋಯಿತು. ಆ ಫೈಲಿಗೆ ಟರ್ಮ್‌ಕ್ಯಾಪ್ ಅಂತ ಹೆಸರಾಯಿತು. ಒಂದು ಟರ್ಮಿನಲ್ಲಿಗೆ ಒಂದು ಎಂಟ್ರಿ. ಎಂಟ್ರಿಯೊಳಗೆ ಎರಡೆರಡು ಅಕ್ಷರದ ಹೆಸರುಗಳು, ನಡುವೆ ಕೋಲನ್. ಸಿಒ ಅಂದರೆ ಎಷ್ಟು ಕಾಲಂ, ಎಲ್‌ಐ ಅಂದರೆ ಎಷ್ಟು ಸಾಲು, ಸಿಎಲ್ ಅಂದರೆ ಪರದೆ ಒರೆಸುವುದು ಹೇಗೆ, ಸಿಎಂ ಅಂದರೆ ಕರ್ಸರ್ ಒಯ್ಯುವುದು ಹೇಗೆ. ಸಿಎಂಗೆ ಬರೆಯುವ ಸೂತ್ರದಲ್ಲಿ ಶೇಕಡಾ ಚಿಹ್ನೆ ಹಾಕಿ ಲೆಕ್ಕ ಹೇಳಬಹುದು: ಇಷ್ಟು ಕೂಡಿಸು, ಒಂದರಿಂದ ಎಣಿಸು, ಕಾಲಂ ಮೊದಲು ಕಳಿಸು. ಡೇಟಾಮೀಡಿಯಾದ 96ರ ಆಟಕ್ಕೇ ಅಂತ ಒಂದು ಚಿಹ್ನೆ ಇತ್ತು. ಡೆಲ್ಟಾ ಡೇಟಾ ಕಂಪನಿಯ ಟರ್ಮಿನಲ್ ಒಂದು ತಲೆಕೆಳಗಾದ ಲೆಕ್ಕ ಬಳಸುತ್ತಿತ್ತು, ಅದಕ್ಕೂ ಒಂದು.

ಈ ನಿರ್ಧಾರದ ದೊಡ್ಡ ಫಲ ಜಾಗ ಉಳಿದದ್ದಲ್ಲ ಅಂತ ನನ್ನ ಅಭಿಪ್ರಾಯ. ರಿಪೇರಿ ಮಾಡುವ ಅಧಿಕಾರ ಕೈ ಬದಲಾಯಿಸಿದ್ದು ದೊಡ್ಡದು. ಹೊಸ ಟರ್ಮಿನಲ್ ತಂದವನು ಎಡಿಟರ್ ಬರೆದವನನ್ನು ಕಾಯಬೇಕಾಗಿಲ್ಲ. ಟರ್ಮಿನಲ್ಲಿನ ಕೈಪಿಡಿ ಪಕ್ಕದಲ್ಲಿಟ್ಟುಕೊಂಡು, ತಾನೇ ನಾಲ್ಕು ಸಾಲು ಬರೆದು, ಎಡಿಟರ್ ತೆರೆದು ನೋಡಬಹುದು. ಕಂಪೈಲರ್ ಬೇಡ, ಸೋರ್ಸ್ ಕೋಡ್ ಬೇಡ. ತಾನು ಬರೆದದ್ದನ್ನು ಬರ್ಕ್ಲಿಗೆ ಕಳಿಸಿದರೆ ಮುಂದಿನ ಬಿಡುಗಡೆಯಲ್ಲಿ ಎಲ್ಲರಿಗೂ ಸಿಗುತ್ತೆ. ಟರ್ಮ್‌ಕ್ಯಾಪ್ ಫೈಲ್ ಬೆಳೆದದ್ದು ಹೀಗೆ. ವಿಐ ಬಿಟ್ಟು ಬೇರೆ ಪ್ರೋಗ್ರಾಮುಗಳೂ ಅದನ್ನೇ ಓದತೊಡಗಿದವು. ಕೆನ್ ಆರ್ನಾಲ್ಡ್ ವಿಐನ ಕರ್ಸರ್ ಓಡಿಸುವ ಕೋಡನ್ನು ಬಿಡಿಸಿ ತೆಗೆದು ಕರ್ಸಸ್ ಎಂಬ ಲೈಬ್ರರಿ ಮಾಡಿದರು. ರೋಗ್ ಎಂಬ ಆಟ ಅದರ ಮೇಲೆ ಓಡಿತು. ಎಷ್ಟೋ ಜನ ತಮ್ಮ ಟರ್ಮ್‌ಕ್ಯಾಪ್ ಎಂಟ್ರಿ ಸರಿಮಾಡಿಕೊಂಡದ್ದು ಕೆಲಸಕ್ಕಲ್ಲ, ಆಟಕ್ಕೆ ಅಂದರೆ ನಾನಂತೂ ನಂಬುತ್ತೇನೆ.

ಕಣ್ಣು ಕಟ್ಟಿಕೊಂಡ ಎಡಿಟರ್

ಇಲ್ಲಿ ಒಂದು ಸೂಕ್ಷ್ಮ ಇದೆ. ಅದು ತಿಳಿಯದಿದ್ದರೆ ಮುಂದಿನ ತೊಂದರೆಗಳು ಯಾವುವೂ ಅರ್ಥವಾಗುವುದಿಲ್ಲ. ಪರದೆಯ ಮೇಲೆ ಏನಿದೆ ಅಂತ ವಿಐ ಯಾವತ್ತೂ ನೋಡುವುದಿಲ್ಲ, ಕೇಳುವುದೂ ಇಲ್ಲ. ತಾನು ಕಳಿಸಿದ್ದರ ಲೆಕ್ಕ ಇಟ್ಟುಕೊಂಡು ಪರದೆಯ ಒಂದು ಚಿತ್ರವನ್ನು ಮೆಮೊರಿಯಲ್ಲಿ ಬರೆದುಕೊಂಡಿರುತ್ತೆ. ಫೋನಿನಲ್ಲಿ ಇಬ್ಬರು ಚದುರಂಗ ಆಡಿದ ಹಾಗೆ. ಇಬ್ಬರ ಮನೆಯಲ್ಲೂ ಒಂದೊಂದು ಮಣೆ. ಒಬ್ಬನ ಮಣೆಯಲ್ಲಿ ಒಂದು ಕಾಯಿ ಜರುಗಿದರೂ ಆಮೇಲಿನ ಆಟವೆಲ್ಲ ಹಾಳು.

ಲೆಕ್ಕ ಇಟ್ಟುಕೊಳ್ಳಲೇಬೇಕಾದ ಕಾರಣ ವೇಗ. ಜಾಯ್ ವಿಐ ಬರೆಯುವಾಗ ಮನೆಯಿಂದ 300 ಬಾಡ್ ಮೋಡೆಮ್ ಮೇಲೆ ಕೆಲಸ ಮಾಡಬೇಕಿತ್ತು. ಅಂದರೆ ಸೆಕೆಂಡಿಗೆ 30 ಅಕ್ಷರ. ಪರದೆಯಲ್ಲಿ 24 ಸಾಲು, 80 ಕಾಲಂ, ಒಟ್ಟು 1920 ಮನೆ. ಪೂರ್ತಿ ಬರೆಯಲು 64 ಸೆಕೆಂಡು! 1200 ಬಾಡ್ ಆದರೆ 16 ಸೆಕೆಂಡು, 9600 ಆದರೆ ಎರಡು. ಆದ್ದರಿಂದ ವಿಐ ಜಿಪುಣ. ಕರ್ಸರ್ ಒಯ್ಯಲು ಯಾವ ದಾರಿಯಲ್ಲಿ ಕಡಿಮೆ ಬೈಟ್ ಖರ್ಚಾಗುತ್ತೆ ಅಂತ ಲೆಕ್ಕ ಹಾಕುತ್ತೆ. ಪೂರ್ತಿ ವಿಳಾಸ ಕಳಿಸುವುದೋ, ನಾಲ್ಕು ಬ್ಯಾಕ್‌ಸ್ಪೇಸ್ ಕಳಿಸುವುದೋ, ಅಥವಾ ಅಲ್ಲಿ ಆಗಲೇ ಇರುವ ಅಕ್ಷರಗಳನ್ನೇ ಮತ್ತೆ ಬರೆದು ಮುಂದೆ ಹೋಗುವುದೋ? 300 ಬಾಡ್‌ನಲ್ಲಿ ಕಿಟಕಿಯನ್ನು ಎಂಟೇ ಸಾಲಿಗೆ ಇಳಿಸುತ್ತೆ, 1200ರಲ್ಲಿ 16ಕ್ಕೆ. ಎಡಿಎಂ-3ಎಯಂಥ ದಡ್ಡ ಟರ್ಮಿನಲ್ಲಿನಲ್ಲಿ ಒಂದು ಸಾಲು ಅಳಿಸಿದರೆ ಕೆಳಗಿನದ್ದನ್ನೆಲ್ಲ ಮೇಲಕ್ಕೆ ಬರೆಯುತ್ತಾ ಕೂರುವುದಿಲ್ಲ. ಆ ಜಾಗದಲ್ಲಿ ಒಂದು @ ಇಟ್ಟು, ಇಲ್ಲಿ ಏನೂ ಇಲ್ಲ ಅಂತ ತಿಳಿದುಕೊಳ್ಳಿ ಅನ್ನುತ್ತೆ. ಕರ್ಸರ್ ಒಯ್ಯಲೂ ಬಾರದ ಟರ್ಮಿನಲ್ ಆದರೆ ಒಂದೇ ಸಾಲಿನ ಕಿಟಕಿಯಲ್ಲಿ ಕೆಲಸ ನಡೆಸುತ್ತೆ. ಕೆಲಸ ಆಗುವುದಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಲಿಲ್ಲ ಅನ್ನುವುದು ಗಮನಿಸಬೇಕಾದ ಮಾತು.

ಕಂಪನಿಗಳ ಚಾಳಿ, ಫೈಲಿನ ಗುರುತು

ಈಗ ಈ ಪ್ರಕರಣದ ಅತಿ ಸ್ವಾರಸ್ಯದ ಭಾಗ. ಕೈಪಿಡಿಯಲ್ಲಿ ಬರೆದ ಹಾಗೆ ನಡೆದುಕೊಳ್ಳುವ ಟರ್ಮಿನಲ್ಲಿಗೆ ಸೂತ್ರ ಸಾಕು. ಆದರೆ ಪ್ರತಿ ಕಂಪನಿಯದ್ದೂ ಒಂದು ಚಾಳಿ ಇರುತ್ತಿತ್ತು. ಆ ಚಾಳಿ ಎಡಿಟರಿನ ಮಣೆಯನ್ನು ಕೆಡಿಸುತ್ತಿತ್ತು.

ಹೇಜಲ್‌ಟೈನ್ ತೆಗೆದುಕೊಳ್ಳಿ. ಬೇರೆಯವರೆಲ್ಲ ಎಸ್ಕೇಪ್ ಬಂದರೆ ‘ಮುಂದೆ ಬರುವುದು ಆಜ್ಞೆ’ ಅಂತ ತಿಳಿದರೆ, ಇದು ~ ಗುರುತನ್ನು ಹಾಗೆ ತಿಳಿಯುತ್ತಿತ್ತು. ಅಂದರೆ ಪರದೆಯ ಮೇಲೆ ~ ಬರೆಯಲು ಸಾಧ್ಯವೇ ಇಲ್ಲ. ಬರೆಯಲು ಹೋದರೆ ಮುಂದಿನ ಅಕ್ಷರವನ್ನು ಆಜ್ಞೆ ಅಂತ ನುಂಗುತ್ತೆ. ವಿಐ ಕಡತ ಮುಗಿದ ಮೇಲಿನ ಖಾಲಿ ಸಾಲುಗಳಲ್ಲಿ ತೋರಿಸುವುದು ಏನನ್ನು? ಸಾಲಿಗೊಂದು ~! ಇದಕ್ಕೆ ಎಚ್‌ಜೆಡ್ ಅಂತ ಒಂದು ಗುರುತು ಹುಟ್ಟಿತು. ಅದು ಇದ್ದರೆ ~ ಕಳಿಸಬೇಡ ಅಂತ ಅರ್ಥ.

ಟೆಲಿರೇ 1061ರಲ್ಲಿ ಟ್ಯಾಬ್ ಕಳಿಸಿದರೆ ಕರ್ಸರ್ ಹಾರುವುದಷ್ಟೇ ಅಲ್ಲ, ದಾರಿಯಲ್ಲಿ ಸಿಕ್ಕ ಅಕ್ಷರಗಳನ್ನೆಲ್ಲ ಒರೆಸಿಕೊಂಡು ಹೋಗುತ್ತಿತ್ತು. ಬೈಟ್ ಉಳಿಸಲು ಟ್ಯಾಬ್ ಬಳಸುವ ಜಿಪುಣ ಎಡಿಟರಿಗೆ ಇದು ಮನೆಹಾಳು. ಅದಕ್ಕೆ ಎಕ್ಸ್‌ಟಿ. ಬೀಹೈವ್ ಕಂಪನಿಯ ಸೂಪರ್‌ಬೀ ಎಸ್ಕೇಪ್ ಕೀಲಿಯನ್ನೂ ಕಂಟ್ರೋಲ್-ಸಿಯನ್ನೂ ಸರಿಯಾಗಿ ಕಳಿಸುತ್ತಿರಲಿಲ್ಲ. ಎಸ್ಕೇಪ್ ಇಲ್ಲದ ವಿಐ ಊಹಿಸಿ ನೋಡಿ. ಎಕ್ಸ್‌ಬಿ ಗುರುತು ಹಾಕಿದರೆ ಎಫ್1 ಕೀಲಿಯೇ ಎಸ್ಕೇಪ್, ಎಫ್2 ಕೀಲಿಯೇ ಕಂಟ್ರೋಲ್-ಸಿ. ಇನ್ನೂ ತಮಾಷೆ ಅಂದರೆ, ಈ ತೊಂದರೆ ಎಲ್ಲ ಸೂಪರ್‌ಬೀಗಳಿಗೂ ಇರಲಿಲ್ಲ. ಒಳಗಿನ ರೋಮ್ (ROM) ಚಿಪ್, ಅಂದರೆ ಓದಲು ಮಾತ್ರ ಬರುವ ಚಿಪ್, ಯಾವುದು ಅನ್ನುವುದರ ಮೇಲೆ ಹೋಗುತ್ತಿತ್ತು. ಹೆಸರು ಒಂದೇ, ಪೆಟ್ಟಿಗೆ ಒಂದೇ, ನಡವಳಿಕೆ ಬೇರೆ.

ಟೆಲಿವಿಡಿಯೋ 912, 920 ಮಾದರಿಗಳ ಕಥೆ ಇನ್ನೊಂದು. ಅಕ್ಷರ ಎದ್ದು ಕಾಣಬೇಕು ಅಂತ ಆಜ್ಞೆ ಕೊಟ್ಟರೆ ಆ ಆಜ್ಞೆಯೇ ಪರದೆಯ ಮೇಲೆ ಒಂದು ಮನೆ ಹಿಡಿದು ಕೂರುತ್ತಿತ್ತು. ನೋಡುವವನಿಗೆ ಖಾಲಿ ಜಾಗ, ಟರ್ಮಿನಲ್ಲಿಗೆ ಅದೊಂದು ಗುಟ್ಟಿನ ಗುರುತು. ಪ್ರೋಗ್ರಾಮರುಗಳು ಇದಕ್ಕೆ ‘ಮ್ಯಾಜಿಕ್ ಕುಕಿ’ ಅಂತ ಹೆಸರಿಟ್ಟಿದ್ದರು. ಸಾಲಿನಲ್ಲಿದ್ದ ಮಿಕ್ಕ ಅಕ್ಷರಗಳು ಒಂದೊಂದು ಮನೆ ಪಕ್ಕಕ್ಕೆ ಜರುಗುತ್ತವೆ. ಎಷ್ಟು ಮನೆ ತಿನ್ನುತ್ತೆ ಅಂತ ಹೇಳಲು ಎಸ್‌ಜಿ ಬಂತು. ಆದರೂ ಪರದೆಯ ಲೆಕ್ಕವನ್ನು ಇದರ ಜೊತೆ ಸರಿಯಾಗಿ ಇಡುವುದು ಬಲು ಕಷ್ಟ. ಸುಮ್ನೆ ರಗಳೆ ಯಾಕೆ ಅಂತ ಅಂಥ ಟರ್ಮಿನಲ್ಲಿನಲ್ಲಿ ಎದ್ದು ಕಾಣಿಸುವ ಆಸೆಯನ್ನೇ ಕೈಬಿಟ್ಟ ಪ್ರೋಗ್ರಾಮುಗಳೂ ಇವೆ.

ಎಲ್ಲಕ್ಕಿಂತ ಹಿಂಸೆ ಕೊಟ್ಟದ್ದು 80ನೇ ಕಾಲಂ. ಕೊನೆಯ ಮನೆಯಲ್ಲಿ ಅಕ್ಷರ ಬರೆದ ಕೂಡಲೇ ಕರ್ಸರ್ ಎಲ್ಲಿರುತ್ತೆ? ಕೆಲವು ಟರ್ಮಿನಲ್‌ಗಳಲ್ಲಿ ಮುಂದಿನ ಸಾಲಿನ ಶುರುವಿಗೆ ಹಾರುತ್ತೆ. ಕೆಲವದರಲ್ಲಿ ಅಲ್ಲೇ ನಿಲ್ಲುತ್ತೆ, ಮುಂದಿನ ಅಕ್ಷರ ಅದರ ಮೇಲೆಯೇ ಬೀಳುತ್ತೆ. ಕಾನ್ಸೆಪ್ಟ್ 100 ಹಾರುತ್ತಿತ್ತು, ಆದರೆ ಆಮೇಲೆ ಬಂದ ಹೊಸಸಾಲಿನ ಆಜ್ಞೆಯನ್ನು ‘ಆಗಲೇ ಬಂದಾಯಿತಲ್ಲ’ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ವಿಟಿ100 ಹಾರಿದ ಹಾಗೆ ನಟಿಸದೆ 80ನೇ ಕಾಲಂನಲ್ಲೇ ನಿಂತು, ಇನ್ನೊಂದು ಅಕ್ಷರ ಬಂದರೆ ಮಾತ್ರ ಕೆಳಗೆ ಇಳಿಯುತ್ತಿತ್ತು. ಎಎಂ, ಎಕ್ಸ್‌ಎನ್ ಅಂತ ಎರಡು ಗುರುತು ಇವಕ್ಕೆ. ಪರದೆಯ ಕೆಳಗಿನ ಬಲಮೂಲೆಯ ಮನೆ ಇನ್ನೂ ಅಪಾಯ. ಅಲ್ಲಿ ಒಂದು ಅಕ್ಷರ ಬರೆದರೆ ಪರದೆ ಪೂರ್ತಿ ಒಂದು ಸಾಲು ಮೇಲಕ್ಕೆ ಓಡಿಬಿಡಬಹುದು. ಆ ಮನೆಯನ್ನು ಖಾಲಿ ಬಿಡುವ ಅಭ್ಯಾಸ ಹಾಗೆ ಬಂತು.

ಗಮನಿಸಿ, ಇಲ್ಲಿ ಟರ್ಮ್‌ಕ್ಯಾಪ್ ತನ್ನ ಮೂಲ ಮಾತನ್ನು ಸ್ವಲ್ಪ ಮುರಿದಿದೆ. ಗುಣಗಳನ್ನು ಫೈಲಿನಲ್ಲಿ ಹೇಳಿದರೆ ಸಾಕು, ಕೋಡ್ ಮುಟ್ಟಬೇಕಿಲ್ಲ ಅನ್ನುವುದು ಆಸೆ. ಆದರೆ ಒಂದು ಹೊಸ ಚಾಳಿಗೆ ಹೊಸ ಗುರುತು ಬೇಕಾದರೆ ಆ ಗುರುತು ತಿಳಿಯುವ ಕೋಡ್ ಬೇಕೇ ಬೇಕು. ಹಾಗಾಗಿ ಮೊದಮೊದಲಿನ ವರ್ಷಗಳಲ್ಲಿ ಬರ್ಕ್ಲಿಯ ಕಣ್ಣಿಗೆ ಬಿದ್ದ ಟರ್ಮಿನಲ್‌ಗಳ ಚಾಳಿಗಳಿಗೆ ಗುರುತು ಸಿಕ್ಕಿತು. ಆಮೇಲೆ ಬಂದವರು ಇದ್ದ ಗುರುತುಗಳಲ್ಲೇ ಹೊಂದಿಕೊಳ್ಳಬೇಕಾಯಿತು.

ಸುಸ್ತಾಗುವ ಪರದೆ

ಇನ್ನೊಂದು ತೊಂದರೆ ಸಮಯದ್ದು. ಟರ್ಮಿನಲ್ಲಿನೊಳಗಿನ ಪುಟ್ಟ ಪ್ರೊಸೆಸರ್‌ಗೆ ಪರದೆ ಒರೆಸಲು ಕೆಲವು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ 9600 ಬಾಡ್‌ನಲ್ಲಿ ಇನ್ನಷ್ಟು ಅಕ್ಷರ ಬಂದು ಬಿದ್ದರೆ ಕೆಲವು ಕಳೆದೇಹೋಗುತ್ತವೆ. ಇದಕ್ಕೆ ಟರ್ಮ್‌ಕ್ಯಾಪ್‌ನಲ್ಲಿ ಆಜ್ಞೆಯ ಮುಂದೆ ಒಂದು ಸಂಖ್ಯೆ ಬರೆಯುತ್ತಿದ್ದರು. ವಿಟಿ100ರ ಪರದೆ ಒರೆಸುವ ಆಜ್ಞೆಗೆ 50 ಅಂತ ಇದ್ದರೆ 50 ಮಿಲಿಸೆಕೆಂಡು ಕಾಯಬೇಕು. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಆ ಹೊತ್ತು ತುಂಬುವಷ್ಟು ಖಾಲಿ ಬೈಟ್ ಕಳಿಸುವುದು. 9600ರಲ್ಲಿ 48 ಬೈಟ್, 300ರಲ್ಲಿ ಎರಡು ಸಾಕು. ಸಾಲು ತೂರಿಸುವಂಥ ಆಜ್ಞೆಗೆ ಕೆಳಗೆ ಎಷ್ಟು ಸಾಲು ಜರುಗಬೇಕೋ ಅಷ್ಟರಿಂದ ಗುಣಿಸು ಅಂತ ಒಂದು ನಕ್ಷತ್ರ ಹಾಕುವ ಅನುಕೂಲವೂ ಇತ್ತು. ಈ ಸಂಖ್ಯೆಗಳು ಕಂಪನಿಯ ಕೈಪಿಡಿಯಿಂದ ಬರುವುದಕ್ಕಿಂತ ಪರದೆಯ ಮುಂದೆ ಕೂತು ಹೆಚ್ಚು ಕಡಿಮೆ ಮಾಡಿ ನೋಡಿ ಹುಟ್ಟುವುದೇ ಜಾಸ್ತಿ.

ವಿಟಿ100 ಇದಕ್ಕೆ ತನ್ನದೇ ಉಪಾಯ ಮಾಡಿಕೊಂಡಿತ್ತು. ಸುಸ್ತಾದರೆ ತಾನೇ ಕಂಟ್ರೋಲ್-ಎಸ್ ಕಳಿಸಿ ಕಂಪ್ಯೂಟರನ್ನು ನಿಲ್ಲಿಸುತ್ತೆ, ಸುಧಾರಿಸಿಕೊಂಡು ಕಂಟ್ರೋಲ್-ಕ್ಯೂ ಕಳಿಸುತ್ತೆ. ಒಳ್ಳೆಯದೇ. ಆದರೆ ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರಿನಲ್ಲಿ ಕಂಟ್ರೋಲ್-ಎಸ್ ಅಂದರೆ ‘ಹುಡುಕು’. ಮನುಷ್ಯ ಒತ್ತಿದ್ದೋ, ಟರ್ಮಿನಲ್ ಏದುಸಿರು ಬಿಟ್ಟಿದ್ದೋ ಅಂತ ಎಡಿಟರಿಗೆ ಹೇಗೆ ಗೊತ್ತಾಗಬೇಕು? ಈ ಜಗಳ ವರ್ಷಗಟ್ಟಲೆ ನಡೆಯಿತು.

ಯಾವ ಟರ್ಮಿನಲ್ ಅಂತ ಗೊತ್ತಾಗುವುದು ಹೇಗೆ

ಎಂಟ್ರಿ ಇದ್ದರೆ ಸಾಲದು, ಎದುರಿಗೆ ಯಾವ ಟರ್ಮಿನಲ್ ಇದೆ ಅಂತ ತಿಳಿಯಬೇಕು. ಟರ್ಮಿನಲ್ಲನ್ನೇ ಕೇಳಬಹುದಿತ್ತಲ್ಲ? ವಿಟಿ52, ವಿಟಿ100 ಎರಡೂ ‘ನೀನು ಯಾರು’ ಅಂದರೆ ಉತ್ತರ ಕೊಡುತ್ತವೆ. ಆದರೆ ಎಲ್ಲ ಕಂಪನಿಗಳ ಟರ್ಮಿನಲ್‌ಗೂ ತಿಳಿಯುವಂಥ ಒಂದೇ ಪ್ರಶ್ನೆ ಇರಲಿಲ್ಲ. ದಡ್ಡ ಟರ್ಮಿನಲ್ ಆದರೆ ಆ ಪ್ರಶ್ನೆಯನ್ನೇ ಕಸದಂತೆ ಪರದೆಯ ಮೇಲೆ ಬರೆದು ಸುಮ್ಮನಾಗುತ್ತೆ. ಆದ್ದರಿಂದ ಬರ್ಕ್ಲಿಯವರು ಪಟ್ಟಿ ಇಟ್ಟರು. ಈ ಪೋರ್ಟಿಗೆ ತಂತಿ ಎಳೆದಿರುವುದು ಈ ಟರ್ಮಿನಲ್ಲಿಗೆ ಅಂತ. ಫೋನ್ ಮೂಲಕ ಬರುವವರಿಗೆ ಈ ಪಟ್ಟಿ ಕೆಲಸಕ್ಕೆ ಬಾರದು. ಅವರಿಗೆ ಟಿಸೆಟ್ ಎಂಬ ಪ್ರೋಗ್ರಾಂ ಲಾಗಿನ್ ಹೊತ್ತಿಗೆ ‘ಎಡಿಎಂ-3ಎ ತಾನೇ?’ ಅನ್ನುವಂತೆ ಕೇಳುತ್ತಿತ್ತು. ಹೌದಾದರೆ ರಿಟರ್ನ್ ಒತ್ತಿ, ಅಲ್ಲದಿದ್ದರೆ ಹೆಸರು ಬರೆಯಿರಿ. ಸಿಕ್ಕ ಉತ್ತರ ಟರ್ಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ, ಅಂದರೆ ಎಲ್ಲ ಪ್ರೋಗ್ರಾಮುಗಳೂ ಓದಬಹುದಾದ ಒಂದು ಹೆಸರಿಗೆ, ಹೋಗುತ್ತಿತ್ತು. ಈ ವೇರಿಯಬಲ್ ಇವತ್ತೂ ನಿಮ್ಮ ಯಂತ್ರದಲ್ಲಿದೆ.

ಪ್ರತಿ ಎಂಟ್ರಿಯ ಮೊದಲ ಹೆಸರು ಎರಡೇ ಅಕ್ಷರದ್ದಾಗಿರಬೇಕಿತ್ತು. ಆರನೇ ಆವೃತ್ತಿಯ ಯುನಿಕ್ಸ್ ಬಳಸುವವರು ಇನ್ನೂ ಇದ್ದರು. ಅಲ್ಲಿ ಟರ್ಮಿನಲ್ ಬಗೆಯನ್ನು ಇಡುವುದಕ್ಕೆ 16 ಬಿಟ್ ಜಾಗ ಮಾತ್ರ ಇತ್ತು, ಅಂದರೆ ಎರಡು ಅಕ್ಷರ. ಇನ್ನು ಪೂರ್ತಿ ಎಂಟ್ರಿ 1024 ಬೈಟ್ ಮೀರುವಂತಿಲ್ಲ. ಟರ್ಮಿನಲ್‌ಗಳು ಬುದ್ಧಿವಂತವಾಗುತ್ತಾ ಹೋದ ಹಾಗೆ ಈ ಮಿತಿ ಕುತ್ತಿಗೆಗೆ ಬಂತು. ಫೈಲನ್ನು ಮೇಲಿನಿಂದ ಕೆಳಕ್ಕೆ ಹುಡುಕಬೇಕಾದ್ದರಿಂದ ಬುದ್ಧಿವಂತ ಅಡ್ಮಿನ್‌ಗಳು ತಮ್ಮಲ್ಲಿ ಜಾಸ್ತಿ ಇರುವ ಟರ್ಮಿನಲ್ಲಿನ ಎಂಟ್ರಿಯನ್ನು ಮೇಲಕ್ಕೆ ತಂದು ಇಡುತ್ತಿದ್ದರು.

ಡೆಕ್‌ನ ದಾರಿ, ವಿಟಿ100ರ ಗೆಲುವು

ಅದೇ ಹೊತ್ತಿಗೆ ಡೆಕ್ ತನ್ನ ವಿಎಂಎಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಬೇರೆ ದಾರಿ ಹಿಡಿದಿತ್ತು. ಟರ್ಮಿನಲ್ಲನ್ನೂ ತಾನೇ ಮಾರುವ ಕಂಪನಿ ಅದು. ಅದರ ಇಡಿಟಿ ಎಡಿಟರ್ ಪೂರ್ತಿ ಪರದೆಯಲ್ಲಿ ನಡೆಯಬೇಕಾದರೆ ವಿಟಿ52 ಅಥವಾ ವಿಟಿ100, ಇಲ್ಲವೇ ಹಾಗೆ ನಟಿಸುವ ಟರ್ಮಿನಲ್ ಬೇಕು. ಹೊರಗಿನ ಟರ್ಮಿನಲ್ಲಿಗೆ ಎಫ್‌ಟಿ1ರಿಂದ ಎಫ್‌ಟಿ8ರ ತನಕ ಬಗೆಗಳನ್ನು ಬಿಟ್ಟಿದ್ದರು, ಎಫ್‌ಟಿ ಅಂದರೆ ಪರಕೀಯ ಟರ್ಮಿನಲ್. ಪರದೆ ನಿರ್ವಹಣೆಯ ಲೈಬ್ರರಿ ಬಂದಾಗ ಅವರೂ ಟರ್ಮ್‌ಟೇಬಲ್ ಎಂಬ ಪಠ್ಯದ ಫೈಲ್ ಕೊಟ್ಟರು. ಟರ್ಮ್‌ಕ್ಯಾಪ್‌ನ ಸೋದರಸಂಬಂಧಿ ಅನ್ನಬಹುದು.

ಕೊನೆಗೆ ಗೆದ್ದದ್ದು ಯಾರು? ಮಾರುಕಟ್ಟೆಯಲ್ಲಿ ವಿಟಿ100. ಅದರ ಆಜ್ಞೆಗಳು 1979ರ ಅಮೆರಿಕದ ಆನ್ಸಿ ಮಾನದಂಡ ಎಕ್ಸ್3.64ರ ದಾರಿಯಲ್ಲಿದ್ದವು. ಬೇರೆ ಕಂಪನಿಗಳು ಅದನ್ನೇ ನಕಲು ಮಾಡಿದವು. ಆದರೆ ವಿಟಿ100 ಒಂದೇ ಅಂದುಕೊಂಡರೆ ತಪ್ಪು. ಅದರ ಸೆಟಪ್ ಕೀಲಿ ಒತ್ತಿ 80 ಕಾಲಂ ಬದಲು 132 ಮಾಡಬಹುದು, ಅಂಚಿನಲ್ಲಿ ಹಾರುವುದನ್ನು ನಿಲ್ಲಿಸಬಹುದು. ಹೆಚ್ಚುವರಿ ಬೋರ್ಡ್ ಕೊಳ್ಳದಿದ್ದರೆ 132 ಕಾಲಂನಲ್ಲಿ 14 ಸಾಲು ಮಾತ್ರ. ಹಾಗಾಗಿ ಟರ್ಮ್‌ಕ್ಯಾಪ್‌ನಲ್ಲಿ ಒಂದು ವಿಟಿ100ಕ್ಕೇ ಹಲವು ಎಂಟ್ರಿ. ಸಾಲು ತೂರಿಸುವ ಆಜ್ಞೆ ಅದಕ್ಕೆ ಇರಲಿಲ್ಲ, ಆಮೇಲಿನ ವಿಟಿ102ಕ್ಕೆ ಬಂತು.

ಬರ್ಕ್ಲಿಯಲ್ಲಿ ವಿಐ ಮತ್ತು ಟರ್ಮ್‌ಕ್ಯಾಪ್ ಮೇಲೆ ಕೆಲಸ ಮಾಡಿದ್ದ ಮೇರಿ ಆನ್ ಹಾರ್ಟನ್ ಬೆಲ್ ಲ್ಯಾಬ್ಸ್‌ಗೆ ಹೋದ ಮೇಲೆ ಟರ್ಮ್‌ಇನ್ಫೋ ಕಟ್ಟಿದರು. ಅರ್ಥವಾಗುವ ಉದ್ದನೆಯ ಹೆಸರುಗಳು, ಮುಂಚೆಯೇ ಕಂಪೈಲ್ ಮಾಡಿಟ್ಟ ಫೈಲ್, ಟರ್ಮಿನಲ್ಲಿಗೊಂದು ಫೈಲ್. ಹುಡುಕಾಟ ತಪ್ಪಿತು, 1024ರ ಕಾಟ ತಪ್ಪಿತು. ಈಗ ಲಿನಕ್ಸ್‌ನಲ್ಲಿರುವ ಎನ್‌ಕರ್ಸಸ್ ಇದೇ ವಂಶದ್ದು. ಅದರ ಪಟ್ಟಿಯಲ್ಲಿ ಎಡಿಎಂ-3ಎ ಇನ್ನೂ ಇದೆ. ಹೇಜಲ್‌ಟೈನ್ ಗುರುತೂ ಇದೆ.

ನಮ್ಮ ಅಕ್ಷರ ಬಂದಾಗ

ಒಂದು ಅಕ್ಷರಕ್ಕೆ ಒಂದು ಮನೆ ಅನ್ನುವ ನಂಬಿಕೆಯ ಮೇಲೆ ಇಷ್ಟೆಲ್ಲ ನಿಂತಿದೆ. ಕನ್ನಡಕ್ಕೆ ಅದು ಹೊಂದುವುದಿಲ್ಲ. ಪುಣೆಯ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ತಂತ್ರಜ್ಞಾನದ ಟರ್ಮಿನಲ್‌ಗಳನ್ನು ತಂದು, ಭಾರತೀಯ ಲಿಪಿಗಳನ್ನು ಯುನಿಕ್ಸ್ ಯಂತ್ರಗಳಿಗೆ ತಗುಲಿಸುವ ದಾರಿ ಮಾಡಿತು. 1991ರಲ್ಲಿ ನಮ್ಮ ಲಿಪಿಗಳ ಅಕ್ಷರಕ್ಕೆ ಸಂಖ್ಯೆ ಕೊಡುವ ಇಸ್ಕಿ ಸಂಕೇತವೂ ಭಾರತೀಯ ಮಾನದಂಡವಾಯಿತು. ಈಗ ಯೂನಿಕೋಡ್ ಇದೆ. ಆದರೂ ‘ಕ್ಷ’ ಬರೆದು ನೋಡಿ. ಮಾಮೂಲಿ ಲೆಕ್ಕದಲ್ಲಿ ಕ ಒಂದು ಮನೆ, ವಿರಾಮ (ಒತ್ತಕ್ಷರ ಮಾಡುವ ‘್’ ಚಿಹ್ನೆ) ಸೊನ್ನೆ, ಷ ಒಂದು ಮನೆ, ಒಟ್ಟು ಎರಡು. ಫಾಂಟ್ ಮಾತ್ರ ಅದನ್ನು ಒಂದೇ ಆಕಾರವಾಗಿ ಬರೆಯುತ್ತೆ. ಎಡಿಟರ್ ಒಂದು ಎಣಿಕೆ, ಟರ್ಮಿನಲ್ ಇನ್ನೊಂದು ಎಣಿಕೆ ಮಾಡಿದರೆ ಕರ್ಸರ್ ಒಂದು ಕಡೆ ಕಾಣುತ್ತೆ, ಟೈಪ್ ಮಾಡಿದ್ದು ಇನ್ನೊಂದು ಕಡೆ ಬೀಳುತ್ತೆ. ಟರ್ಮಿನಲ್ಲಿನಲ್ಲಿ ಕನ್ನಡ ಫೈಲ್ ತಿದ್ದಿದವರಿಗೆ ಇದರ ಅನುಭವ ಇದ್ದೇ ಇರುತ್ತೆ. 80ನೇ ಕಾಲಂನ ಜಗಳವೇ ಇದು, ಸಾಲಿನ ಮಧ್ಯಕ್ಕೆ ಬಂದು ಕೂತಿದೆ ಅಷ್ಟೇ. ಇದಕ್ಕೆ ಟರ್ಮ್‌ಕ್ಯಾಪ್‌ನಲ್ಲಿ ಗುರುತು ಇಲ್ಲ.

ಹೊಸ ಟರ್ಮಿನಲ್ ಬಳಸುವವರಿಗೆ ಹಳೆಯ ತೊಂದರೆ ಇವತ್ತೂ ಎದುರಾಗುತ್ತೆ. ಈಗ ಟರ್ಮಿನಲ್ ಅಂದರೆ ಪೆಟ್ಟಿಗೆಯಲ್ಲ, ಹಾಗೆ ನಟಿಸುವ ಪ್ರೋಗ್ರಾಂ. ಲ್ಯಾಪ್‌ಟಾಪಿನಲ್ಲಿ ಕಿಟ್ಟಿ ಎಂಬ ಅಂಥದೊಂದು ಟರ್ಮಿನಲ್ ಇದೆ ಅಂದುಕೊಳ್ಳಿ. ಅದರಿಂದ ಹಳೆಯ ಸರ್ವರ್ ಒಂದಕ್ಕೆ ಎಸ್‌ಎಸ್‌ಎಚ್ ಮಾಡಿದರೆ, ಅಂದರೆ ನೆಟ್‌ವರ್ಕ್ ಮೂಲಕ ಲಾಗಿನ್ ಆದರೆ, ‘ಈ ಬಗೆಯ ಟರ್ಮಿನಲ್ ಗೊತ್ತಿಲ್ಲ’ ಅಂತ ಸಂದೇಶ ಬರುತ್ತೆ. ಆ ಸರ್ವರಿನ ಪಟ್ಟಿ ತಯಾರಾದಾಗ ಕಿಟ್ಟಿ ಹುಟ್ಟಿರಲಿಲ್ಲ. ಸರಿಯಾದ ಪರಿಹಾರ ಎಂದರೆ, ಇನ್ಫೋಕಂಪ್ ಕಮಾಂಡಿನಿಂದ ನಮ್ಮ ಕಡೆಯ ಎಂಟ್ರಿಯನ್ನು ಪಠ್ಯವಾಗಿ ತೆಗೆದು, ಆ ಕಡೆಗೆ ಕಳಿಸಿ, ಅಲ್ಲಿ ಟಿಕ್ ಕಮಾಂಡಿನಿಂದ ಕಂಪೈಲ್ ಮಾಡುವುದು. ಅಡ್ಮಿನ್ ಅನುಮತಿ ಬೇಕಿಲ್ಲ, ಅದು ನಮ್ಮ ಹೋಮ್ ಡೈರೆಕ್ಟರಿಯಲ್ಲೇ ಕೂರುತ್ತೆ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಟರ್ಮ್ ವೇರಿಯಬಲ್ಲಿಗೆ ವಿಟಿ100 ಅಂತ ಸುಳ್ಳು ಹೇಳಿದರೂ ನಡೆಯುತ್ತೆ. ಬಣ್ಣ ಹೋಗುತ್ತೆ, ಕೆಲವು ಕೀಲಿ ಕೆಲಸ ಮಾಡುವುದಿಲ್ಲ, ಆದರೆ ವಿಐ ತೆರೆಯುತ್ತೆ.